ಬೆಳ್ಳಕ್ಕನ ಮೊಸರನ್ನ

ಮಂಗಳವಾರ ಬೆಳಿಗ್ಗೆ ಗಂಗಾಶ್ರೀ ಗೂಡಿನ ಬಾಗಿಲು ತೆಗೆದಾಗ ಬೆಳ್ಳಕ್ಕ ಹೊರಗೆ ಬರಲಿಲ್ಲ.

ದಿನವೂ ಚಿಲಕದ ಸದ್ದಿಗೇ ಕಾಯುತ್ತಿದ್ದು, ಬಾಗಿಲು ಅರ್ಧ ತೆರೆಯುವುದರೊಳಗೆ ಅವಳ ಕಾಲ ನಡುವೆ ನುಸುಳಿ, ಊರಿಗೆಲ್ಲ ಬೆಳಗಾಯಿತೆಂದು ಸಾರುವಂತೆ ಕೂಗುತ್ತ ಅಂಗಳಕ್ಕಿಳಿಯುವ ಬಾತುಕೋಳಿ ಇವತ್ತು ಹುಲ್ಲಿಗೆ ಎದೆಯೂರಿ ಕೂತೇ ಇತ್ತು. "ಬಾ" ಎಂದಳು. ಅದು ಕತ್ತು ಚಾಚಿತು, ರೆಕ್ಕೆಗಳೆರಡನ್ನೂ ಊರುಗೋಲಿನ ಹಾಗೆ ನೆಲಕ್ಕೊತ್ತಿ ಒಂದು ಗೇಣು ತೆವಳಿತು, ಅಲ್ಲೇ ಮಗುಚಿತು. ಎತ್ತಿ ನಿಲ್ಲಿಸಿದಳು. ಕಾಲುಗಳು ಒದ್ದೆ ಬತ್ತಿಯಂತೆ ಆಚೀಚೆ ಬಾಗಿದವು. ಮಂಡಿಯ ಗಂಟುಗಳು ದಪ್ಪಗೆ ಊದಿದ್ದವು.

ಅವಳಿಗೆ ಇದು ಹೊಸದಾಗಿ ಕಂಡದ್ದಲ್ಲ. ಹತ್ತು ದಿನದಿಂದ ಅದು ನಾಲ್ಕು ಹೆಜ್ಜೆ ಇಟ್ಟು ಕೂರುವುದನ್ನು, ಕೂತಲ್ಲಿಂದಲೇ ಕತ್ತು ಚಾಚಿ ತಟ್ಟೆಗೆ ಬಾಯಿ ಹಾಕುವುದನ್ನು ನೋಡುತ್ತಲೇ ಇದ್ದಳು. ಊಟಕ್ಕೆ ಬಡಿಸುವಾಗ ಎರಡು ಸಲ ಹೇಳಿಯೂ ಇದ್ದಳು. ಆದರೆ ಗಂಗಾಶ್ರೀ ಹೇಳಿದ್ದು ಯಾರಿಗಾದರೂ ಕೇಳಿಸುವುದು ಆ ಮನೆಯಲ್ಲಿ ಅಪರೂಪ.

ಅವಳ ದನಿಯೇ ಹಾಗೆ. ಶಾಲೆಯಲ್ಲಿ ಹಾಜರಿ ಕರೆದಾಗ ಅವಳ "ಹಾಜರ್ ಸಾರ್" ಮುಂದಿನ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ರಕ್ಷಿತಾ ಅವಳ ಪರವಾಗಿ ಕೂಗಿ ಹೇಳುತ್ತಿದ್ದಳು. ಒಂಬತ್ತನೇ ತರಗತಿಯಲ್ಲಿ ರಕ್ಷಿತಾ ಶಿಕಾರಿಪುರದ ಶಾಲೆಗೆ ಸೇರಿಕೊಂಡ ಮೇಲೆ ಗಂಗಾಶ್ರೀ ಬೆಂಚಿನ ಮೇಲೆ ಕೂತಿದ್ದಾಗಲೂ ಪುಸ್ತಕದಲ್ಲಿ ಗೈರುಹಾಜರಾಗುತ್ತ ಹೋದಳು. ಹೇಗೂ ಗೈರುಹಾಜರಿ, ಹೋಗಿ ಮಾಡುವುದೇನು ಎಂದು ಒಂದು ದಿನ ಚೀಲವನ್ನು ಮೊಳೆಗೆ ನೇತುಹಾಕಿದಳು. ಅದಕ್ಕೀಗ ಆರು ವರ್ಷ. ಮಾತಿಲ್ಲದೆ ಉಳಿದ ಹೊತ್ತನ್ನೆಲ್ಲ ಅವಳು ನೋಡುವುದರಲ್ಲಿ ಕಳೆದಳು. ಯಾವ ಹಸು ಮೇವು ಬಿಟ್ಟಿದೆ, ಯಾವ ತೆಂಗಿನ ಗರಿ ಇವತ್ತು ಬೀಳುತ್ತದೆ ಎಂಬುದು ಆ ಮನೆಯಲ್ಲಿ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

ಅಪ್ಪ ಸದಾಶಿವಪ್ಪ ಬಂದು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಒಂದು ಕಾಲನ್ನು ಎತ್ತಿ ಬಿಟ್ಟರು. ಅದು ಪೊತ್ತೆಂದು ಬಿತ್ತು.

"ಇದು ಏಳಂಗೆ ಕಾಣಲ್ಲ ಮಗಾ. ಭಾನುವಾರದ ತನಕ ನೋಡಾಣ. ಎದ್ದು ನಿಂತ್ರೆ ಇರ್ಲಿ. ಇಲ್ಲಾಂದ್ರೆ ಯಲ್ಲಪ್ಪಂಗೆ ಹೇಳ್ತೀನಿ, ತಗಂಡು ಹೋಗ್ಲಿ. ಮೂಕಪ್ರಾಣಿ ನರಳೋದು ನೋಡಕಾಗಲ್ಲ."

ಯಲ್ಲಪ್ಪ ಹಿತ್ತಲ ಬೇಲಿಯಾಚೆಯ ಮನೆಯವನು. ಅವನು ತೆಗೆದುಕೊಂಡು ಹೋದರೆ ಏನು ಮಾಡುತ್ತಾನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಭಾನುವಾರ ಅವರ ಮನೆಯಲ್ಲಿ ಮಸಾಲೆ ಅರೆಯುವ ಘಮ ಬೇಲಿ ದಾಟಿ ಬರುತ್ತದೆಂದು ಅಜ್ಜಿ ಆ ಕಡೆಯ ಕಿಟಕಿಯನ್ನು ಹನ್ನೊಂದಕ್ಕೇ ಹಾಕಿಸುತ್ತಿದ್ದಳು.

ಗಂಗಾಶ್ರೀ "ಬ್ಯಾಡ" ಎಂದಳು. ಅಪ್ಪ ಆಗಲೇ ಎದ್ದು ಬೈಕಿನ ಕೀಲಿ ಹುಡುಕುತ್ತಿದ್ದರು.

ಬೆಳ್ಳಕ್ಕ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಉಡುತಡಿಯ ಸುತ್ತ ಭತ್ತದ ಕೊಯ್ಲು ಮುಗಿದ ಮೇಲೆ ಎಲ್ಲಿಂದಲೋ ಲಾರಿಗಳಲ್ಲಿ ಬಾತುಕೋಳಿ ಮೇಯಿಸುವವರು ಬರುತ್ತಾರೆ. ಕೂಳೆ ಗದ್ದೆಗೆ ಸಾವಿರಾರು ಹಕ್ಕಿಗಳನ್ನು ಇಳಿಸಿ, ಉದುರಿದ ಕಾಳು, ಕೆಸರೊಳಗಿನ ಹುಳ ಎಲ್ಲ ಮೇಯಿಸಿ, ಮುಂದಿನ ಊರಿಗೆ ಹೋಗುತ್ತಾರೆ. ಈ ಸಲ ಅವರು ಹೋದ ಮಾರನೆ ದಿನ ಕಾಲುವೆಯ ತೂಬಿನ ಹತ್ತಿರ ಒಂದು ಬಿಳಿ ಮರಿ ಒಂಟಿಯಾಗಿ ಕೂಗುತ್ತಿತ್ತು. ಅಷ್ಟು ಕಂದು ಹಕ್ಕಿಗಳಲ್ಲಿ ಇದೊಂದೇ ಬೆಳ್ಳಗೆ. ಗಂಗಾಶ್ರೀ ಸೆರಗಿನಲ್ಲಿ ಸುತ್ತಿಕೊಂಡು ತಂದಳು.

ಅಜ್ಜಿ ಮಹಾದೇವಮ್ಮ, ಅಪ್ಪನ ತಾಯಿ, ಬಾಗಿಲಲ್ಲೇ ತಡೆದಿದ್ದಳು. "ಲಿಂಗ ಕಟ್ಟಿದ ಮನೆ ಇದು. ಕೋಳಿ ಸಾಕಿದೋರು ಯಾರದಾರೆ ನಮ್ಮಲ್ಲಿ?" ಮರಿ ಸೆರಗಿನಿಂದ ತಲೆ ಹೊರಹಾಕಿ ಅಜ್ಜಿಯ ಬೆರಳನ್ನು ಮೆಲ್ಲಗೆ ಕಚ್ಚಿ ಹಿಡಿಯಿತು. ಅಜ್ಜಿ ಬೆರಳು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಷರತ್ತು ಹಾಕಿದಳು. "ಇರ್ಲಿ. ಆದ್ರೆ ಈ ಮನೇಲಿದ್ದ ಮ್ಯಾಲೆ ನಾವು ತಿನ್ನೋದನ್ನೇ ತಿನ್ಬೇಕು. ಹುಳ ಗಿಳ ಮುಟ್ಟಂಗಿಲ್ಲ."

ಹಾಗೆ ಬೆಳ್ಳಕ್ಕ ಸಸ್ಯಾಹಾರಿಯಾದಳು. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದರಿಂದ ಅಲ್ಲಿ ಹುಳವಿಲ್ಲ. ಹಿತ್ತಲಿಗೆ ಹೋಗದಂತೆ ಬಲೆ ಕಟ್ಟಿದರು. ಸಂಜೆ ದೀಪಕ್ಕೆ ಬಂದ ಮಿಡತೆಯೊಂದು ಹಾರಿ ಬಿದ್ದರೂ ಅಜ್ಜಿ ಹಿಡಿಸೂಡಿಯಿಂದ ಆಚೆಗೆ ತಳ್ಳುತ್ತಿದ್ದಳು. ಮಧ್ಯಾಹ್ನ ಪೂಜೆ ಮುಗಿಸಿ ಎದ್ದವಳೇ ತಾನು ಉಣ್ಣುವ ಮೊದಲು ಮಿಲ್ಲಿನ ಬಿಳಿ ಅಕ್ಕಿಯ ಅನ್ನವನ್ನು ಮೆತ್ತಗೆ ಕಿವುಚಿ, ಕೆನೆಮೊಸರು ಹಾಕಿ, ಸಣ್ಣ ಬಟ್ಟಲಲ್ಲಿ ತಂದು ಬೆಳ್ಳಕ್ಕನ ಮುಂದೆ ಕೂರುತ್ತಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಬೆಳ್ಳಕ್ಕ ಶರಣೆ ಕಣ್ರೀ. ಮೊಸರನ್ನ ಬಿಟ್ರೆ ಬ್ಯಾರೆ ಮುಟ್ಟಲ್ಲ."

ಮುಟ್ಟಲು ಸಿಗುತ್ತಿರಲಿಲ್ಲ ಎಂಬುದನ್ನು ಗಂಗಾಶ್ರೀ ನೋಡಿದ್ದಳು. ಹಸುವಿಗೆ ತೌಡು ಕಲಸುವ ಬಕೆಟ್ಟಿಗೆ ಅದು ಕತ್ತು ಹಾಕಲು ಹೋಗುವುದನ್ನೂ, "ದನದ ಎಂಜಲು ನಿನಗ್ಯಾಕವ್ವ" ಎಂದು ಅಜ್ಜಿ ಎತ್ತಿಕೊಂಡು ಬರುವುದನ್ನೂ ನೋಡಿದ್ದಳು. ನೋಡಿ ಸುಮ್ಮನಿದ್ದಳು. ಈಗ ಗೂಡಿನ ಮುಂದೆ ಕೂತಾಗ ಆ ಸುಮ್ಮನಿದ್ದದ್ದೇ ಅವಳನ್ನು ಸುಡುತ್ತಿತ್ತು.

ಬೇಲಿಯಾಚೆಯಿಂದ ಗುಡ್ಡಮ್ಮ ಇಣುಕಿದಳು. ಯಲ್ಲಪ್ಪನ ಹೆಂಡತಿ.

"ಏನವ್ವ ಗಂಗವ್ವ, ಬೆಳಗೆದ್ದು ಅಳ್ತಾ ಕೂತಿ?"

"ಅಳ್ತಿಲ್ಲ. ಕಾಲು ಬಿದ್ದೈತೆ ಇದಕ್ಕೆ."

"ಆನವಟ್ಟೀಲಿ ಕೋಳಿ ಡಾಕ್ಟ್ರು ಒಬ್ರು ಅದಾರೆ, ಮಹಾಂತೇಶ ಅಂತ. ನನ್ನ ತಮ್ಮನ ಫಾರಮ್ಮಿಗೆ ಅವರೇ ಬರೋದು. ಬಸ್‌ಸ್ಟ್ಯಾಂಡ್ ಹಿಂದ್ಲ ಔಷಧಿ ಅಂಗಡೀಲಿ ಕೇಳು." ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ನಾನು ಹೇಳ್ದೆ ಅನ್ನಬ್ಯಾಡ. ನಿಮ್ಮಪ್ಪಾರು ಈಗಿನ್ನೂ ಬಂದು ನಮ್ಮೆಜಮಾನ್ರಿಗೆ ಭಾನುವಾರದ ಮಾತು ಆಡಿ ಹೋದ್ರು. ಅವರಾಗ್ಲೇ ಒಣಮೆಣಸಿನಕಾಯಿ ಬಿಸಿಲಿಗೆ ಹಾಕ್ಸವ್ರೆ."

ಅಮ್ಮ ಪ್ರಮೀಳಾ ತನ್ನ ತಂಗಿಯ ಬಾಣಂತನಕ್ಕೆಂದು ಉಳವಿಗೆ ಹೋಗಿದ್ದಳು. ಅಡುಗೆಯೆಲ್ಲ ಗಂಗಾಶ್ರೀಯದೇ. ಅವಳು ಹತ್ತು ಗಂಟೆಗೇ ಅನ್ನ ಸಾರು ಮಾಡಿಟ್ಟು, ಬುಟ್ಟಿಗೆ ಹುಲ್ಲು ಹಾಸಿ, ಅದರಲ್ಲಿ ಬೆಳ್ಳಕ್ಕನನ್ನು ಕೂರಿಸಿ, ಮೇಲೆ ಟವೆಲ್ಲು ಕಟ್ಟಿ ಹೊರಟಳು. ಆನವಟ್ಟಿಗೆ ಒಬ್ಬಳೇ ಹೋಗುತ್ತಿರುವುದು ಅದೇ ಮೊದಲು. ಅಜ್ಜಿ ಕೇಳಿದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದಳು. ಅಜ್ಜಿ ಲಿಂಗಪೂಜೆಗೆ ಕೂತಿದ್ದರಿಂದ ಹೇಳುವ ಪ್ರಮೇಯ ಬರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಕೂತಾಗ ಕಂಡಕ್ಟರು ಬಂದ. ಅವಳು ಆಧಾರ್ ಕಾರ್ಡು ತೋರಿಸಿದಳು. ಅವನು ಹೆಂಗಸರ ಉಚಿತ ಟಿಕೇಟು ಹರಿದು ಕೊಟ್ಟು, ಟವೆಲ್ಲು ಅಲ್ಲಾಡುವುದನ್ನು ಕಂಡು ನಿಂತ.

"ಏನಮ್ಮ ಅದು ಒಳಗೆ?"

"ಬಾತುಕೋಳಿ."

"ನಿಮಗೆ ಫ್ರೀ ಸರಿ. ಅದಕ್ಕೆ ಹಾಫ್ ಟಿಕೇಟಾಗ್ತದೆ."

ಗಂಗಾಶ್ರೀಗೆ ತನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಾಗಲಿಲ್ಲ. "ಅದೂ ಹೆಣ್ಣೇ ರೀ."

ಹಿಂದಿನ ಸೀಟಿನ ಹೆಂಗಸರು ಗೊಳ್ಳೆಂದು ನಕ್ಕರು. ಕಂಡಕ್ಟರು ಸೋಲಲಿಲ್ಲ. "ಹಂಗಾದ್ರೆ ಅದ್ರ ಆಧಾರ್ ತೋರ್ಸಿ" ಎಂದ. ಕೊನೆಗೆ ಅರ್ಧ ಟಿಕೇಟನ್ನೇ ಕೊಂಡಳು. ಆದರೆ ಅಷ್ಟು ಜನ ತನ್ನ ಮಾತಿಗೆ ನಕ್ಕದ್ದು ಅವಳಿಗೆ ಆನವಟ್ಟಿಯ ತನಕ ಕಿವಿಯಲ್ಲಿ ಬೆಚ್ಚಗಿತ್ತು.

ಮಹಾಂತೇಶ ಡಾಕ್ಟರು ಐವತ್ತರ ಆಸುಪಾಸಿನವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಅಂಗಿಯ ತೋಳಿಗೆ ಕೋಳಿಪುಕ್ಕ. ಬೆಳ್ಳಕ್ಕನನ್ನು ಅಂಗಡಿಯ ಮೇಜಿನ ಮೇಲಿಟ್ಟು ಕಣ್ಣು, ಕೊಕ್ಕು, ಪಾದದ ಅಡಿ, ಮಂಡಿ ಎಲ್ಲ ಒತ್ತಿ ನೋಡಿದರು.

"ಬಿದ್ದಿಲ್ಲ, ಮುರಿದಿಲ್ಲ, ಗಾಯ ಇಲ್ಲ. ಏನು ತಿನ್ನಿಸ್ತೀರಿ ತಂಗಿ?"

"ಅನ್ನ."

"ಮತ್ತೆ?"

"ಮೊಸರು."

"ಹುಳ, ಹುಪ್ಪಟೆ?"

"ನಮ್ಮನೇಲಿ ಆಗಲ್ಲ ರೀ."

ಡಾಕ್ಟರು ಅವಳ ಹಣೆ ನೋಡಿದರು, ಬಾತುಕೋಳಿಯ ಹಣೆ ನೋಡಿದರು. "ಇದಕ್ಕೂ ಲಿಂಗ ಕಟ್ಸಿದ್ದೀರೇನು?" ಎಂದರು. ಅವಳ ಮುಖ ಸಣ್ಣದಾದದ್ದು ಕಂಡು ನಗು ತಡೆದುಕೊಂಡರು. "ಬೇಜಾರಾಗಬೇಡಿ, ನಾನೂ ಕಟ್ಕೊಂಡೋನೇ. ಹಸೂಗೆ ಏನು ಹಾಕ್ತೀರಿ?"

"ಹಿಂಡಿ, ತೌಡು."

"ಹಸು ಗಟ್ಟಿಯಾಗದೆ?"

"ಹೂಂ ರೀ."

"ಅದೇ ನೋಡಿ. ಕಾಲಿಗೆ ಬೇಕಾದ ಸತ್ವ ಒಂದದೆ. ಕೋಳಿಮರಿಗಿಂತ ಬಾತುಮರಿಗೆ ಅದು ಜಾಸ್ತಿ ಬೇಕು. ಬಿಳಿ ಅಕ್ಕೀಲಿ ಮಿಲ್ಲಿನೋರು ಅದನ್ನ ಉಜ್ಜಿ ತೆಗೆದಿರ್ತಾರೆ, ತೌಡಿಗೆ ಹೋಗಿರ್ತದೆ. ನೀವು ಒಳ್ಳೇದು ಅಂತ ಇದಕ್ಕೆ ಅನ್ನ ಹಾಕಿದ್ರಿ, ಕಡಿಮೇದು ಅಂತ ಹಸೂಗೆ ತೌಡು ಹಾಕಿದ್ರಿ. ಹಸು ಗೆದ್ದಿತು."

ಅವರು ನೀರಿಗೆ ಹಾಕುವ ಜೀವಸತ್ವದ ಔಷಧಿ ಕೊಟ್ಟರು, ದಿನಕ್ಕೆ ಎಷ್ಟು ಹನಿ ಎಂದು ಬಾಟಲಿಯ ಮೇಲೇ ಬರೆದರು. ನೆನೆಸಿದ ತೌಡು, ಪುಡಿ ಮಾಡಿದ ಶೇಂಗಾ ಕೊಡಿ ಎಂದರು. ದಿನಕ್ಕೆರಡು ಸಲ ಟಬ್ಬಿನ ನೀರಿನಲ್ಲಿ ತೇಲಿಸಿ, ಭಾರ ಬೀಳದೆ ಕಾಲು ಆಡಿಸಲಿ ಎಂದರು. ಕೂತಲ್ಲೇ ಕೂತರೆ ಎದೆ ಹುಣ್ಣಾಗುತ್ತದೆ, ಹುಲ್ಲು ಬದಲಿಸುತ್ತಿರಿ ಎಂದರು.

"ಭಾನುವಾರಕ್ಕೆ ನಿಲ್ತದಾ ರೀ?"

"ಭಾನುವಾರಕ್ಕೆ ಏನದೆ?"

ಅವಳು ಬೆಳ್ಳಕ್ಕನನ್ನು ಎತ್ತಿ ಬುಟ್ಟಿಗೆ ಇಳಿಸಿದಳು. ಡಾಕ್ಟರಿಗೆ ಅರ್ಥವಾದಂತೆ ಕಂಡಿತು. "ತೌಡು ಔಷಧೀಲೂ ಕಾಲು ಬರ್ತದೆ, ನಿಧಾನ. ಎರೆಹುಳ ಸಿಕ್ಕಿದ್ರೆ ಇನ್ನೂ ಬೇಗ ಬರ್ತದೆ. ಔಷಧಿ ಹೊಡೆದ ತೋಟದ್ದು ಬೇಡ. ಯೋಚ್ನೆ ಮಾಡಿ. ನಾನೇನು ಹೇಳ್ಲಿ, ಇದು ಹುಟ್ಟಿರೋದೇ ಹುಳ ತಿನ್ನಕೆ."

ವಾಪಸು ಬರುವಾಗ ಉಡುತಡಿ ಕ್ರಾಸಿನಲ್ಲಿ ಅವಳು "ನಿಲ್ಸಿ" ಎಂದದ್ದು ಎಂದಿನಂತೆ ಯಾರಿಗೂ ಕೇಳಿಸಲಿಲ್ಲ. ಬಸ್ಸು ಮುಂದೆ ಹೋಗುತ್ತಿತ್ತು. ಬುಟ್ಟಿಯೊಳಗಿಂದ ಬೆಳ್ಳಕ್ಕ ಟವೆಲ್ಲು ಹರಿದುಹೋಗುವಂತೆ ಕೂಗಿತು. ಡ್ರೈವರು ಗಾಬರಿಯಿಂದ ಬ್ರೇಕು ಒತ್ತಿದ.

ಬುಧವಾರದಿಂದ ಗಂಗಾಶ್ರೀಯ ಕೆಲಸ ಶುರುವಾಯಿತು. ನಾಲ್ಕು ಕಾಲಿನ ಸ್ಟೂಲನ್ನು ಬುಡಮೇಲು ಮಾಡಿ, ಅಜ್ಜಿಯ ಹಳೆಯ ಇಳಕಲ್ ಸೀರೆಯ ತುಂಡನ್ನು ತೊಟ್ಟಿಲಿನಂತೆ ಬಿಗಿದು, ಅದಕ್ಕೆ ಎರಡು ತೂತು ಮಾಡಿ, ಬೆಳ್ಳಕ್ಕನ ಕಾಲುಗಳನ್ನು ಇಳಿಬಿಟ್ಟಳು. ಪಾದ ಕೆಳಗಿನ ಹಲಗೆಗೆ ತಾಗಬೇಕು, ಭಾರ ತಾಗಬಾರದು. ಮೊದಲ ದಿನ ಅದು ತೊಟ್ಟಿಲಲ್ಲಿ ಕೂತು ಅವಮಾನವಾದಂತೆ ಮುಖ ತಿರುಗಿಸಿತ್ತು. ಬಟ್ಟೆ ಒಗೆಯುವ ನೀಲಿ ಟಬ್ಬಿಗೆ ಬೆಚ್ಚಗಿನ ನೀರು ತುಂಬಿ ತೇಲಿಸಿದಳು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು. ಕಾಲುಗಳು ಸುಮ್ಮನೆ ಜೋತು ಬಿದ್ದಿದ್ದವು. ತೌಡನ್ನು ಔಷಧಿಯ ನೀರಲ್ಲಿ ಕಲಸಿ ಬೆರಳಿನಿಂದ ತಿನ್ನಿಸಿದಳು. ಕೊಕ್ಕಿನ ಮೂಗಿನ ತೂತುಗಳಲ್ಲಿ ತೌಡು ಕಟ್ಟಿಕೊಳ್ಳದಂತೆ ಒದ್ದೆ ಬಟ್ಟೆಯಿಂದ ಒರೆಸಿದಳು. ಇರುವೆ ಬರದಂತೆ ಸ್ಟೂಲಿನ ಸುತ್ತ ಬೂದಿ ಎಳೆದಳು.

ತೌಡನ್ನು ಅಜ್ಜಿ ಸಹಿಸಿಕೊಂಡಳು. "ಡಾಕ್ಟ್ರಿಗೆ ಏನು ಗೊತ್ತು" ಎಂದು ಗೊಣಗಿದರೂ ತಡೆಯಲಿಲ್ಲ. ಮಧ್ಯಾಹ್ನದ ಮೊಸರನ್ನವನ್ನು ಮಾತ್ರ ಬಿಡಲಿಲ್ಲ.

ಗುರುವಾರವೂ ಕಾಲು ಆಡಲಿಲ್ಲ. ಗಂಗಾಶ್ರೀ ಬಚ್ಚಲ ನೀರು ಹೋಗುವ ಬಾಳೆಬುಡದ ಬಳಿ ಕುಡುಗೋಲು ಹಿಡಿದು ಬಹಳ ಹೊತ್ತು ನಿಂತಳು. ಹುಟ್ಟಿದಾಗಿನಿಂದ ಅವಳು ಬೇಕೆಂದು ಒಂದು ಇರುವೆಯನ್ನೂ ಕೊಂದವಳಲ್ಲ. ಮಣ್ಣು ಕೆದಕಿದಳು. ಎರೆಹುಳವೊಂದು ಹೊರಬಂದು ಬಿಸಿಲಿಗೆ ಮುದುಡಿತು. ಎರಡು ಎಲೆಗಳ ನಡುವೆ ಹಿಡಿದು ಕರಟಕ್ಕೆ ಹಾಕಿದಳು. ಒಂದು, ಎರಡು, ಐದು.

ಕರಟವನ್ನು ಮುಂದಿಟ್ಟಾಗ ಬೆಳ್ಳಕ್ಕ ಒಂದು ಕ್ಷಣ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನೋಡಿತು. ಆಮೇಲೆ ನಡೆದದ್ದು ಗಂಗಾಶ್ರೀ ಎಂದೂ ನೋಡದ್ದು. ಕತ್ತು ಮಿಂಚಿನಂತೆ ಹೋಯಿತು, ಬಂತು. ಕರಟ ಖಾಲಿ. ಬಾಲ ಪಟಪಟನೆ ಬಡಿಯಿತು. ಸೀರೆಯ ತೊಟ್ಟಿಲೊಳಗಿಂದ ಅದು ಗಂಟಲಾಳದಲ್ಲಿ ಏನೋ ಹೇಳಿಕೊಳ್ಳುತ್ತಿತ್ತು, ಎಷ್ಟೋ ದಿನಗಳ ಮೇಲೆ ತನ್ನ ಭಾಷೆಯವರು ಸಿಕ್ಕಂತೆ. ಅದರ ಎಡಗಾಲು ಹಲಗೆಯನ್ನು ಒಮ್ಮೆ ಕೆರೆಯಿತು.

ಗಂಗಾಶ್ರೀಗೆ ಪಾಪವೆನಿಸಲಿಲ್ಲ. ಸಿಟ್ಟು ಬಂತು. ಮೂರು ತಿಂಗಳು ಇದನ್ನು ಬೇರೆ ಯಾರನ್ನೋ ಮಾಡಿ ಕೂರಿಸಿದ್ದೆವಲ್ಲ ಎಂದು.

ಶುಕ್ರವಾರ ಮಧ್ಯಾಹ್ನ ಅಜ್ಜಿ ಬಟ್ಟಲು ಹಿಡಿದು ಬಂದಳು. "ಶರಣೆ, ಉಣ್ಣವ್ವ" ಎಂದು ಸ್ಟೂಲಿನ ಮುಂದೆ ಮಣೆ ಹಾಕಿಕೊಂಡಳು. ಬೆಳ್ಳಕ್ಕ ಮೊಸರನ್ನವನ್ನು ಮೂಸಿಯೂ ನೋಡಲಿಲ್ಲ. ಕತ್ತನ್ನು ಪೂರ್ತಿ ಹೊರಳಿಸಿ ಸ್ಟೂಲಿನ ಹಿಂದೆ ಗಂಗಾಶ್ರೀ ಮುಚ್ಚಿಟ್ಟಿದ್ದ ಕರಟದ ಕಡೆಗೆ ಕೂಗತೊಡಗಿತು. ಅಜ್ಜಿ ಬಗ್ಗಿ, ಮುಚ್ಚಿದ್ದ ಎಲೆ ಸರಿಸಿದಳು. ಬಟ್ಟಲು ಕೈಯಿಂದ ಜಾರಿ ಅನ್ನ ಚೆಲ್ಲಿತು.

"ಏನೇ ಇದು?"

"ಎರೆಹುಳ."

"ಯಾರು ತಂದಿದ್ದು?"

"ನಾನೇ ಅಗೆದು ತಂದೆ."

ಅಜ್ಜಿ ಗೋಡೆ ಹಿಡಿದು ಎದ್ದಳು. "ನನ್ನ ಅಂಗಳದಾಗೆ! ಎಪ್ಪತ್ತಾರು ವರ್ಷ ಆತು ನನಗೆ. ನಾನು ಕೈಯಾರೆ ಕಲಸಿ ಇಡ್ತೀನಿ, ಹೆತ್ತ ಮಕ್ಕಳಿಗೂ ಹಂಗೆ ಇಟ್ಟೋಳಲ್ಲ. ಅದು ಬಿಟ್ಟು ಹುಳ ತಿನ್ನಿಸ್ತೀಯಾ? ನನ್ನ ಕೈಯನ್ನ ವಿಷ ಅಂತೀಯೇನೆ?"

ಹಿಂದಿನ ಗಂಗಾಶ್ರೀಯಾಗಿದ್ದರೆ ಇಲ್ಲಿಗೆ ತಲೆ ತಗ್ಗಿಸಿ ಕರಟ ಎತ್ತಿಕೊಂಡು ಹೋಗುತ್ತಿದ್ದಳು. ಅವಳು ಕೂತಲ್ಲಿಂದ ಏಳಲಿಲ್ಲ.

"ವಿಷ ಅಲ್ಲಜ್ಜಿ. ಸಾಲಲ್ಲ."

"ಏನು ಸಾಲಲ್ಲ?"

"ನಿನ್ನ ಅನ್ನ. ನಿನ್ನ ಪ್ರೀತಿ ಇದ್ರೂ ಸಾಲಲ್ಲ. ಅದ್ರ ಕಾಲು ಅದಕ್ಕೇ ಹೋದದ್ದು."

ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು. "ಆ ಹುಳ ಹೋಗಾತನಕ ಈ ಮನೇಲಿ ನಾನು ಅನ್ನ ಮುಟ್ಟಲ್ಲ."

"ಸರಿ," ಎಂದಳು ಗಂಗಾಶ್ರೀ. "ನಾನೂ ಒಲೆ ಹಚ್ಚಲ್ಲ."

ಹೇಳಿದವಳೇ ಚಾಪೆ, ಹೊದಿಕೆ, ಔಷಧಿ ಬಾಟಲಿ, ಸ್ಟೂಲು, ಬೆಳ್ಳಕ್ಕ ಎಲ್ಲವನ್ನೂ ಎರಡು ಸಲಕ್ಕೆ ಕೊಟ್ಟಿಗೆಗೆ ಸಾಗಿಸಿದಳು.

ಸದಾಶಿವಪ್ಪ ಶಿಕಾರಿಪುರದಿಂದ ಹಸಿದು ಬಂದರು. ಒಲೆ ತಣ್ಣಗಿತ್ತು. ತಾಯಿ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು, ಪಕ್ಕದಲ್ಲಿ ಎರಡು ಬಾಳೆಹಣ್ಣಿನ ಸಿಪ್ಪೆ. ಹಾಲು ಹಣ್ಣು ಲೆಕ್ಕಕ್ಕಿಲ್ಲವೆಂದು ಅಜ್ಜಿ ತಾನೇ ತೀರ್ಮಾನಿಸಿಕೊಂಡಿದ್ದಳು. ಅವರು ಕೊಟ್ಟಿಗೆಗೆ ಹೋಗಿ ಬೈದರು. ಮಗಳು ತೌಡು ಕಲಸುತ್ತಲೇ ಇದ್ದಳು. ಜಗಲಿಗೆ ಬಂದು ತಾಯಿಗೆ ಸಮಾಧಾನ ಹೇಳಿದರು. ತಾಯಿ ವಚನ ಹೇಳಿಕೊಳ್ಳತೊಡಗಿದಳು. ಕೊನೆಗೆ ಹಸಿ ಅವಲಕ್ಕಿಗೆ ಮಜ್ಜಿಗೆ ಸುರಿದುಕೊಂಡು ಉಳವಿಗೆ ಫೋನು ಹಚ್ಚಿದರು.

"ನಿನ್ನ ಮಗಳು ಎದುರು ಮಾತಾಡ್ತಾಳೆ ಕಣೆ."

"ಯಾರು?" ಸ್ಪೀಕರಿನಲ್ಲಿ ಪ್ರಮೀಳಾಳ ದನಿ ಕೊಟ್ಟಿಗೆಗೂ ಕೇಳಿತು. "ನಮ್ಮ ಗಂಗಾನಾ?"

"ಹೂಂ. ಬೀದಿಗೆ ಕೇಳಂಗೆ ಮಾತಾಡ್ತಾಳೆ."

ಅತ್ತ ಕಡೆಯಿಂದ ಬಂದದ್ದು ಬೈಗುಳವಲ್ಲ, ನಗು. ಸದಾಶಿವಪ್ಪ ಫೋನು ಕಟ್ ಮಾಡಿದರು.

ಶನಿವಾರ ಟಬ್ಬಿನಲ್ಲಿ ಬೆಳ್ಳಕ್ಕನ ಕಾಲುಗಳು ನೀರನ್ನು ಒದ್ದವು. ಮೊದಲು ಎಡಗಾಲು, ಆಮೇಲೆ ಬಲಗಾಲು, ಸೋಮಾರಿ ಹುಟ್ಟಿನಂತೆ. ಗಂಗಾಶ್ರೀ ಅಂಗೈ ತೆಗೆದಳು. ಅದು ಮುಳುಗಲಿಲ್ಲ. ಟಬ್ಬಿನ ಅಂಚಿಗೆ ಹೋಗಿ ಡಿಕ್ಕಿ ಹೊಡೆದು ತಿರುಗಿತು. ಅವಳು ಒಬ್ಬಳೇ ಕೂತು ನಕ್ಕಳು. ಆದರೆ ನೆಲಕ್ಕೆ ಬಿಟ್ಟರೆ ಕಾಲು ಇನ್ನೂ ಮಡಚುತ್ತಿತ್ತು.

ಭಾನುವಾರ ಹನ್ನೊಂದಕ್ಕೆ ಯಲ್ಲಪ್ಪ ಗೋಣಿಚೀಲ ಹಿಡಿದು ಅಂಗಳಕ್ಕೆ ಬಂದ. ಗುಡ್ಡಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಸದಾಶಿವಪ್ಪ ಮಗಳನ್ನು ಕರೆದರು. ಗಂಗಾಶ್ರೀ ಬೆಳ್ಳಕ್ಕನನ್ನು ಎತ್ತಿಕೊಂಡು ಬಂದು ಅಂಗಳದ ನಡುವೆ ಇಳಿಸಿದಳು. ಅಜ್ಜಿ ಜಗಲಿಯಲ್ಲಿ ಮಣಿ ಎಣಿಸುತ್ತಿದ್ದವಳು ನಿಲ್ಲಿಸಿದಳು.

ಬೆಳ್ಳಕ್ಕ ರೆಕ್ಕೆ ಊರಿತು. ಎದ್ದಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಕಾಲುಗಳು ಗಡಗಡ ನಡುಗುತ್ತ ನಿಂತವು. ಆಮೇಲೆ ಕುಸಿಯಿತು.

"ನಿಲ್ಲಲಿಲ್ಲ ನೋಡು ಮಗಾ," ಎಂದರು ಅಪ್ಪ, ಬೇಸರದಿಂದಲೇ. "ಮಾತು ಮಾತು. ಯಲ್ಲಪ್ಪ, ತಗ."

ಯಲ್ಲಪ್ಪ ಚೀಲದ ಬಾಯಿ ಬಿಡಿಸಿದ. ಗಂಗಾಶ್ರೀ ಅವನ ಮತ್ತು ಬಾತುಕೋಳಿಯ ನಡುವೆ ಬಂದು ನಿಂತಳು.

"ಮಾತು ಕೊಟ್ಟಿದ್ದು ನೀನಪ್ಪ. ನಾನಲ್ಲ. ನಿಂತ್ರೂ ಕೊಡಲ್ಲ, ನಿಲ್ಲದಿದ್ರೂ ಕೊಡಲ್ಲ."

"ತಂಗಿ, ನಾನೇನು ಕದಿಯಾಕೆ ಬಂದಿಲ್ಲ," ಎಂದ ಯಲ್ಲಪ್ಪ ತಬ್ಬಿಬ್ಬಾಗಿ. "ನಿಮ್ಮಪ್ಪಾರು ಕರೆದ್ರು, ಬಂದೆ."

"ನಿಮ್ಮೇಲೆ ಸಿಟ್ಟಿಲ್ಲ ಯಲ್ಲಪ್ಪಣ್ಣ. ನೀವು ತಿನ್ನೋರು, ತಿಂತೀವಿ ಅಂತೀರಿ." ಅವಳು ಜಗಲಿಯ ಕಡೆ ತಿರುಗಿದಳು. ದನಿ ಬೇಲಿಯಾಚೆಗೂ ಕೇಳುತ್ತಿತ್ತು. "ನೀನು ಹೇಳಜ್ಜಿ. ಇದು ಹುಳ ತಿಂದ್ರೆ ಮನೆ ಮೈಲಿಗೆ. ಇದನ್ನ ಚೀಲಕ್ಕೆ ಹಾಕಿ ಕೊಯ್ಯಾಕೆ ಕೊಟ್ರೆ ಮೈಲಿಗೆ ಅಲ್ವಾ? ಕಿಟಕಿ ಹಾಕ್ಕಂಡ್ರೆ ಆತಾ?"

ಅಜ್ಜಿ ನೋಡುತ್ತಿದ್ದುದು ಮೊಮ್ಮಗಳನ್ನಲ್ಲ, ಚೀಲವನ್ನು. ಅದರ ಅಂಚಿಗೆ ಹಿಂದಿನ ಯಾವುದೋ ಭಾನುವಾರದ ಕಂದು ಪುಕ್ಕವೊಂದು ಅಂಟಿತ್ತು. ಬೆಳ್ಳಕ್ಕ ಕುಸಿದಲ್ಲಿಂದಲೇ ತೆವಳಿ ಜಗಲಿಯ ಮೆಟ್ಟಿಲಿಗೆ ಬಂದು ಅಜ್ಜಿಯ ಜೋತುಬಿದ್ದ ಬೆರಳಿಗಾಗಿ ಕತ್ತು ಚಾಚಿತು.

"ಯಲ್ಲಪ್ಪ," ಎಂದಳು ಅಜ್ಜಿ. "ಚೀಲ ತಗಂಡು ನಡಿ."

"ಅವ್ವಾ, ಈಗ ನೀನೂ..." ಎಂದರು ಸದಾಶಿವಪ್ಪ.

"ನನ್ನ ಕೈಯನ್ನ ಉಂಡೈತೆ ಅದು. ನಡಿ ಅಂದೆ."

ಯಲ್ಲಪ್ಪ ಚೀಲ ಸುತ್ತಿಕೊಂಡು ಹೊರಟ. ಬೇಲಿಯಾಚೆ ಗುಡ್ಡಮ್ಮ, "ಬರ್ರಿ, ಮೊಟ್ಟೆ ಸಾರು ಮಾಡ್ತೀನಿ" ಎಂದದ್ದು ಕೇಳಿತು. ಅಜ್ಜಿ ಗಂಗಾಶ್ರೀಯತ್ತ ಬೆರಳು ತೋರಿಸಿದಳು. "ಗೆದ್ದೆ ಅನ್ಕಬ್ಯಾಡ. ನನ್ನ ಅಂಗಳದಾಗೆ ಹುಳ ನಾನು ಒಪ್ಪಲ್ಲ. ಸಾಯಾತನಕ ಒಪ್ಪಲ್ಲ."

"ಅಂಗಳದಾಗೆ ಬ್ಯಾಡ ಬಿಡು. ನಾನು ಗದ್ದೆಗೆ ಕರ್ಕಂಡು ಹೋಗ್ತೀನಿ. ಕದ್ದು ಅಲ್ಲ. ದಿನಾ, ಹಗಲಾಗೆ, ನಿನ್ನ ಮುಂದೇನೆ."

"ಜನ ನಗ್ತಾರೆ."

"ನಗ್ಲಿ. ಬಸ್ಸಲ್ಲಾಗ್ಲೇ ನಕ್ಕಾರೆ."

ಆ ಮಧ್ಯಾಹ್ನ ಒಲೆ ಹತ್ತಿತು. ಅಜ್ಜಿ ಉಂಡಳು, ಆದರೆ ಸಾರಿಗೆ ಉಪ್ಪು ಕಡಿಮೆಯೆಂದು ಮೂರು ಸಲ ಹೇಳಿದಳು.

ಬೆಳ್ಳಕ್ಕ ತನ್ನ ಕಾಲ ಮೇಲೆ ನಡೆಯಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಬಲಗಾಲು ಸ್ವಲ್ಪ ಸೊಟ್ಟಗೇ ಉಳಿಯಿತು. ಅದು ಹಾಗೇ ಇರುತ್ತದೆಂದು ಫೋನಿನಲ್ಲಿ ಡಾಕ್ಟರು ಹೇಳಿದರು. ಹದಿಮೂರನೆಯ ದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಗಂಗಾಶ್ರೀ ಬಲೆ ಬಿಚ್ಚಿದಳು. ದೊಡ್ಡ ಬೀದಿಯಲ್ಲೇ ನಡೆದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಸ್ನೇಹಿತರು ಮಾತು ನಿಲ್ಲಿಸಿದರು.

"ಏನು ಸದಾಶಿವಪ್ಪಾರೆ, ಮಗಳು ದನ ಬಿಟ್ಟು ಬಾತುಕೋಳಿ ಮೇಯ್ಸಾಕೆ ಹೊಂಟಾಳೆ?"

ಸದಾಶಿವಪ್ಪ ಪೇಪರು ಎತ್ತಿ ಹಿಡಿದರು. "ಅವಳನ್ನೇ ಕೇಳ್ರಿ. ಈಗ ಕೇಳಿದ್ರೆ ಹೇಳ್ತಾಳೆ."

ಕಾಲುವೆಯ ಕೆಸರಿಗೆ ಬೆಳ್ಳಕ್ಕ ಕುಂಟುತ್ತ ಇಳಿಯಿತು. ಕೊಕ್ಕನ್ನು ಕೆಸರಿಗೆ ಹಾಕಿ ಮಣ್ಣು ಜಾಲಾಡುತ್ತ, ಮುಂದೆ ಮುಂದೆ ಸರಿಯುತ್ತ, ಬೇಸಿಗೆ ಭತ್ತದ ಹಸಿರಿನೊಳಗೆ ಮರೆಯಾಯಿತು. ಗಂಗಾಶ್ರೀ ಬದುವಿನ ಮೇಲೆ ನಿಂತು, ಬಾತುಕೋಳಿಯವರು ಕರೆಯುತ್ತಿದ್ದ ಹಾಗೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕರೆದಳು. ಮೊದಲ ಕೂಗು ಎದೆಯಲ್ಲೇ ಉಳಿಯಿತು. ಎರಡನೆಯದು ಗದ್ದೆ ದಾಟಿತು. ಮೂರನೆಯದಕ್ಕೆ ಊರಂಚಿನ ನಾಯಿಗಳು ಎದ್ದು ಬೊಗಳಿದವು. ಹಸಿರು ಸರಿದು ಬಿಳಿ ಕತ್ತೊಂದು ಮೇಲೆದ್ದು, ಅಷ್ಟೇ ಜೋರಾಗಿ ಮಾರುತ್ತರ ಕೊಟ್ಟಿತು.

ಅವರಿಬ್ಬರೂ ಅಂಗಳಕ್ಕೆ ಮರಳಿದಾಗ ಅಜ್ಜಿ ಜಗಲಿಯಿಂದಲೇ, ಮುಖ ತಿರುಗಿಸದೆ ಕೂಗಿದಳು. "ಏಯ್! ಬಾಯಿ ತೊಳ್ಸಿ ಒಳಗೆ ಬಿಡು ಅದನ್ನ!"

"ಬಾತುಕೋಳಿ ಕಣಜ್ಜಿ," ಎಂದು ಗಂಗಾಶ್ರೀಯೂ ಕೂಗಿದಳು. "ನೀರಾಗೇ ತಿನ್ನೋದು. ತೊಳ್ಕಂಡೇ ಬಂದೈತೆ."